ಬೀಗಿತ್ತಿಯನ್ನು ಏಕವಚನದಲ್ಲಿ ಮಾತಾಡಿಸಿದ್ದು

ಮಗನ ಮದುವೆ ಮುಗಿಸಿಕೊಂಡು ಬೀಗಿತ್ತಿ ರಷ್ಯಾಕ್ಕೆ ಹೊರಟಾಗ, ವಿಮಾನ ನಿಲ್ದಾಣದ ಬಾಗಿಲಲ್ಲಿ ನನ್ನ ಎರಡೂ ಕೈ ಹಿಡಿದು ತುಂಬಾ ಹೊತ್ತು ಏನೋ ಹೇಳಿದರು. ಹೇಳ್ತಾ ಹೇಳ್ತಾ ಅತ್ತುಬಿಟ್ಟರು. ಸೊಸೆ ಟ್ರಾಲಿ ತರಲು ಹೋಗಿದ್ದಳು. ಹೆಂಡತಿಯಿಂದ ಅಷ್ಟೋ ಇಷ್ಟೋ ರಷ್ಯನ್ ಕಲಿತಿದ್ದ ಮಗನನ್ನು, "ಏನಂತೋ?" ಅಂತ ಕೇಳಿದೆ.

"ಊಟ ಚೆನ್ನಾಗಿತ್ತಂತೆ ಅಮ್ಮ."

ಊಟಕ್ಕೆ ಯಾರಾದರೂ ಹಾಗೆ ಅಳುತ್ತಾರಾ? ನಮ್ಮೂರು ಮಧುರೆಗೆ ಬರುವ ದಾರಿಯುದ್ದಕ್ಕೂ ತಲೆಯಲ್ಲಿ ಅದೇ ಪ್ರಶ್ನೆ.

ಮಗ, ಸೊಸೆ ಇಬ್ಬರೂ ದೇವನಹಳ್ಳಿಯ ಹೋಟೆಲೊಂದರಲ್ಲಿ ಕೆಲಸ ಮಾಡುತ್ತಾರೆ, ಇರುವುದು ನಮ್ಮ ಜೊತೆಗೇ. ನನಗೆ ನಿನ್ನ ಭಾಷೆ ಬೇಕು ಅಂತ ಸೊಸೆಯನ್ನು ಕೇಳಿದೆ. ಅವಳು ಒಂದಿಷ್ಟು ಯೋಚಿಸಿ, ಅವರ ಊರಿನ ಟೀವಿಯಲ್ಲಿ ಮಕ್ಕಳಿಗೆ ಬರುವ ಕಾರ್ಯಕ್ರಮಗಳನ್ನು ನನ್ನ ಫೋನಿಗೆ ಹಾಕಿಕೊಟ್ಟಳು. ಬಟ್ಟೆಯ ಮೇಕೆಮರಿ ಗೊಂಬೆಯೊಂದಕ್ಕೆ ಒಬ್ಬ ಹೆಂಗಸು ಕೈ ತೊಳೆಯುವುದು, ತರಕಾರಿ ತಿನ್ನುವುದು ಹೇಳಿಕೊಡುತ್ತಿದ್ದಳು. ಹಾಲು ಕರೆಯುವಾಗ ಫೋನನ್ನು ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟುಕೊಂಡು, ಮೇಕೆಮರಿ ಹೇಳಿದ್ದನ್ನೇ ಗಟ್ಟಿಯಾಗಿ ಹೇಳುತ್ತಿದ್ದೆ. ಹಾಲಿಗೆ ಮಲಕೋ, ಹಸುವಿಗೆ ಕರೋವಾ.

ನಮ್ಮ ಯಜಮಾನರ ಅಣ್ಣ ಜಗಲಿ ಮೇಲಿಂದಲೇ, "ಏನಮ್ಮ, ಹಸು ಹತ್ರ ರಷ್ಯನ್ ಮಾತಾಡ್ತಿದೀಯಾ?" ಅಂದರು.

"ಹೂಂ ಭಾವ. ಅದು ನಗಲ್ಲ."

ಮಗನಿಗಂತೂ ಮುಜುಗರ. "ಫೋನೇ ಎಲ್ಲಾ ಅನುವಾದ ಮಾಡುತ್ತೆ, ಈ ವಯಸ್ಸಲ್ಲಿ ಯಾಕೆ ಕಷ್ಟ?" ಅಂದ. "ಅವತ್ತು ಫೋನೂ ಇತ್ತು, ನೀನೂ ಇದ್ದೆ," ಅಂದೆ.

ಒಂದೇ ತೊಡಕು. ಮಕ್ಕಳ ಕಾರ್ಯಕ್ರಮದಲ್ಲಿ ಎಲ್ಲರೂ ಎಲ್ಲರನ್ನೂ 'ನೀನು' ಅಂತಲೇ ಕರೆಯುತ್ತಾರೆ. ದೊಡ್ಡವರಿಗೆ ಬಹುವಚನ ಬೇರೆ ಇದೆ ಅಂತ ಸೊಸೆ ಹೇಳಿಕೊಟ್ಟಳು, ನಾಲಿಗೆ ಅದಕ್ಕೆ ತಿರುಗಲಿಲ್ಲ.

ಎರಡು ವರ್ಷದ ಮೇಲೆ ಬೀಗಿತ್ತಿ ಮತ್ತೆ ಬಂದರು. ಕಾಫಿ ಕೊಟ್ಟು ಅವರ ಎದುರು ಕೂತೆ. ಮಗ ಮಧ್ಯೆ ಬಂದು ಕೂರಲು ಹೋದ. "ಯಾ ಸಮಾ," ಅಂದೆ. ನಾನೇ ಮಾಡ್ತೀನಿ ಅಂತ. ರಷ್ಯಾದಲ್ಲಿ ಚಿಕ್ಕ ಹೆಣ್ಣುಮಕ್ಕಳು ಅಮ್ಮನ ಕೈಯಿಂದ ಚಮಚ ಕಿತ್ತುಕೊಳ್ಳುವಾಗ ಹೇಳುವ ಮಾತದು. ಬೀಗಿತ್ತಿ ಕಾಫಿ ಲೋಟ ಹಿಡಿದುಕೊಂಡೇ ನಕ್ಕರು.

"ನೀನು ಅವತ್ತು ಅತ್ತಿದ್ದೆ," ಅಂದೆ ರಷ್ಯನ್‌ನಲ್ಲಿ. "ಯಾಕೆ?"

ನಗು ನಿಂತಿತು. ಬೀಗಿತ್ತಿ ಒಂದೊಂದೇ ಮಾತು ಬಿಡಿಸಿ ಹೇಳಿದರು. ಗೊತ್ತಾಗದ್ದನ್ನು ಮತ್ತೆ ಕೇಳಿದೆ, ಮತ್ತೆ ಹೇಳಿದರು. ನನ್ನ ಮಗಳು ಹುಷಾರಿಲ್ಲದಿದ್ದರೂ ಬಾಯಿ ಬಿಡುವುದಿಲ್ಲ. ನಗುನಗುತ್ತಲೇ ಓಡಾಡುತ್ತಾಳೆ. ನಾನು ದೂರ ಇರುತ್ತೇನೆ, ನೀನು ಅವಳ ಮುಖ ನೋಡುತ್ತಿರು. ಅವತ್ತು ಅವರು ನನ್ನನ್ನು ಕೇಳಿಕೊಂಡಿದ್ದು ಇಷ್ಟು. ನಾನು ಏನಂದಿದ್ದೆ? ಮಗನ ಮಾತು ಕೇಳಿ, ಸಂತೋಷ ಅಂತ ತಲೆಯಾಡಿಸಿ ಕಳಿಸಿದ್ದೆ.

ಮಗನ ಕಡೆ ತಿರುಗಿದೆ. "ಅವರಿಗೆ ನಮ್ಮ ಮೇಲೆ ನಂಬಿಕೆ ಇಲ್ವೇನೋ ಅಂತ ನಿಂಗೆ ಬೇಜಾರಾಗುತ್ತೆ ಅಂತ..." ಅಂದ.

"ನನ್ನ ಬೇಜಾರು ನಂದು ಕಣೋ. ಅದನ್ನ ನೀನ್ಯಾಕೆ ಇಟ್ಕೊಂಡೆ?"

ಬೀಗಿತ್ತಿಗೆ, "ನೋಡ್ತೀನಿ. ದಿನಾ ನೋಡ್ತೀನಿ," ಅಂದೆ. ವ್ಯಾಕರಣ ಎಡವಟ್ಟಾಗಿತ್ತು ಅಂತ ಆಮೇಲೆ ಸೊಸೆ ಹೇಳಿದಳು. ಆಗಲಿ. ಅವರಿಗೆ ಅರ್ಥವಾಯಿತು, ಸೆರಗು ಸರಿಮಾಡಿಕೊಳ್ಳುತ್ತಿದ್ದ ನನ್ನ ಕೈಯನ್ನೇ ಹಿಡಿದುಕೊಂಡರು.

ಈಗ ವಾರ ವಾರ ವಿಡಿಯೋದಲ್ಲಿ ಮಾತಾಡುತ್ತೇವೆ. ನಾನು ಎಳೆ ಮಗುವಿನ ಥರ ತೊದಲುತ್ತೇನೆ ಅಂತ ನೆಂಟರು ಆಡಿಕೊಳ್ಳುತ್ತಾರೆ. ತೊದಲುತ್ತೇನೆ, ಏನೀಗ? ಮೊನ್ನೆಯಂತೂ ಇಬ್ಬರಿಗೂ ಜೋರು ಜಗಳವೇ ಆಯಿತು. ತಣ್ಣನೆ ನೆಲದ ಮೇಲೆ ಮಗಳು ಬರಿಗಾಲಲ್ಲಿ ಓಡಾಡಬಾರದು, ಮನೆಯೊಳಗೂ ಚಪ್ಪಲಿ ಹಾಕಲೇಬೇಕು ಅಂತ ಅವರು. ನಮ್ಮ ಮನೆಯೊಳಗೆ ಚಪ್ಪಲಿ ಬರಲ್ಲ ಅಂತ ನಾನು. ಅನುವಾದಕ್ಕೆ ಅಂತ ಮಗ ಹತ್ತಿರವೂ ಸುಳಿಯಲಿಲ್ಲ. ಅವರೂ ಬಿಟ್ಟುಕೊಡಲಿಲ್ಲ, ನಾನೂ ಬಿಡಲಿಲ್ಲ.