ಧನುರ್ಮಾಸದ ಕಣ

ನಮ್ಮ ಬೀದಿಯ ಆವುಲಪ್ಪ ಎತ್ತುಗಳ ಜೊತೆ ತೆಲುಗಿನಲ್ಲಿ, ಹೆಂಡತಿಯ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದ. ಎತ್ತುಗಳು ಅವನ ಮಾತು ಕೇಳುತ್ತಿದ್ದವು. ಮಂಗಮ್ಮ ಕೇಳುತ್ತಿರಲಿಲ್ಲ. ಆಳು ಕುಳ್ಳ, ಗಂಟಲು ಮಾತ್ರ ಊರಗಲ. ಪುರಸಭೆಯ ಸರಹದ್ದು ನಮ್ಮ ಬೀದಿಯನ್ನು ನುಂಗಿ, ನಲ್ಲಿ, ಕಂದಾಯ ಎಲ್ಲ ಬಂದ ಮೇಲೂ ಅವನು ಪೇಟೆಯವನಾಗಲಿಲ್ಲ. ಅಂಗಡಿ ರಾಗಿಯ ಮುದ್ದೆ ಅವನ ಗಂಟಲಲ್ಲಿ ಇಳಿಯುತ್ತಲೇ ಇರಲಿಲ್ಲ. ತನ್ನ ಹೊಲದ ರಾಗಿಯೇ ಆಗಬೇಕು.

ಬೀದಿಯ ಕೊನೆಯ ಸರ್ಕಾರಿ ಬಯಲಿನಲ್ಲಿ ನಾವೆಲ್ಲ ತಾತನ ಕಾಲದಿಂದ ಕಣ ಮಾಡಿ ರಾಗಿ ಒಕ್ಕುತ್ತಿದ್ದೆವು. ಎರಡು ಸಾವಿರದ ಆರರಲ್ಲಿ ಪುರಸಭೆ ಠರಾವು ಮಾಡಿ, ಅನುದಾನ ತಂದು, ಅಲ್ಲಿ ಸಮುದಾಯ ಭವನ ಕಟ್ಟಲು ಹೊರಟಿತು. ಕಟ್ಟಿದ್ದೇನೋ ಚೆನ್ನಾಗಿಯೇ ಕಟ್ಟಿದರು. ಮದುವೆಯ ಶಾಮಿಯಾನಕ್ಕೆಂದು ಮುಂದೆ ಅಂಗಳವನ್ನೂ ಬಿಟ್ಟರು. ಆವುಲಪ್ಪ ಮಾತ್ರ ಗೋಡೆ ಏಳುವುದನ್ನು ನೋಡುತ್ತ, "ಹೊಟ್ಟೆ ಹಿಟ್ಟಿನ ಜಾಗ ಕಿತ್ಕಂಡು ಜುಟ್ಟಿಗೆ ಮಲ್ಲಿಗೆ ಮುಡಿಸ್ತಾವ್ರೆ ಕಣಯ್ಯ" ಎಂದು ಹೋಗಿಬರುವವರಿಗೆಲ್ಲ ಹೇಳುತ್ತಿದ್ದ.

ಮರುವರ್ಷ ರಾಗಿ ಕೊಯ್ದು ಮೆದೆ ಒಟ್ಟಿದ್ದಾಯಿತು, ಒಕ್ಕಲು ಜಾಗವಿಲ್ಲ. ಕುಡುಮಲಕುಂಟೆಗೆ ಹೋಗುವ ರಸ್ತೆಯಲ್ಲಿ ತೆನೆ ಹರಡಿದ. ಕಾರ್ಖಾನೆಯ ಲಾರಿಗಳು ಪುಕ್ಕಟೆ ತುಳಿದುಕೊಡುತ್ತವೆಂಬ ಯೋಚನೆ. ಸ್ಕೂಟರಿನವನೊಬ್ಬ ಜಾರಿ ಬಿದ್ದ, ಪೊಲೀಸರು ಬಂದು ಗದರಿದರು. ತೆನೆ ಬಾಚಿಕೊಳ್ಳುತ್ತ ಮಂಗಮ್ಮ, "ಲಾರಿ ಎಣ್ಣೆ ಒಗ್ಗರಣೆ ಬಿದ್ದೈತೆ. ಈ ಮುದ್ದೆಗೆ ಸಾರೇ ಬ್ಯಾಡ ಬಿಡು" ಎಂದಳು.

ಆಕಾಶದಲ್ಲಿ ಮೋಡ ಕಟ್ಟತೊಡಗಿತು. ಮಳೆ ಹಿಡಿದುಕೊಂಡರೆ ಮೆದೆಯಲ್ಲೇ ರಾಗಿ ಮೊಳೆತು, ವರ್ಷದ ಮುದ್ದೆ ಮಣ್ಣುಪಾಲು.

ಅತ್ತ ಭವನ ಮುಗಿದು ಬಾಗಿಲಿಗೆ ಬೀಗ ಬಿದ್ದಿತ್ತು. ಧನುರ್ಮಾಸದಲ್ಲಿ ಶುಭಕಾರ್ಯ ಕೂಡದು, ಉದ್ಘಾಟನೆ ಸಂಕ್ರಾಂತಿ ಕಳೆದ ಮೇಲೆ ಎಂದು ಪುರಸಭೆ ಅಧ್ಯಕ್ಷ ಮುನಿಗಂಗಪ್ಪನವರು ಗೊತ್ತು ಮಾಡಿದ್ದರು. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಆವುಲಪ್ಪ ಆ ಅಂಗಳಕ್ಕೆ ಸಗಣಿ ಸಾರಿಸಿದ. ಮರುದಿನ ತೆನೆ ಹರಡಿ, ಎತ್ತುಗಳಿಗೆ ಗುಂಡುಕಲ್ಲು ಕಟ್ಟಿ, "ರಾ ನಾಯನಾ, ರಾ" ಎಂದು ಸುತ್ತಿಸತೊಡಗಿದ.

ಅಧ್ಯಕ್ಷರ ಜೀಪು ಬಂದು ನಿಂತಿತು.

"ಏನಯ್ಯ ಆವುಲಪ್ಪ! ಹೊಸ ಬಣ್ಣ ಹೊಡ್ಸಿರೋ ಭವನದ ಮುಂದೆ ಸಗಣೀನಾ?"

"ಅಂಗಳ ಸಾರಿಸ್ದೆ ಯಾವ ಮನೇಲಿ ಶುಭಕಾರ್ಯ ಆಗ್ತದೆ ಸ್ವಾಮಿ? ನಿಮ್ ಕೆಲ್ಸಾನೇ ಮುಂಚೆ ಮಾಡಿದೀನಿ."

"ಇದು ಮದ್ವೆಗೆ ಕಟ್ಸಿರೋದು. ಹೊಡಿ ಎತ್ತು ಆಚೆಗೆ!"

"ಧನುರ್ಮಾಸದಾಗೆ ಯಾರ್ದು ಮದ್ವೆ? ನಿಮ್ಮನೇದೇ ಇದ್ರೆ ಹೇಳ್ಬಿಡಿ, ಈಗ್ಲೇ ಬಿಚ್ತೀನಿ."

ಸುತ್ತ ನಿಂತಿದ್ದ ನಾವೆಲ್ಲ ನಕ್ಕೆವು. ಅಧ್ಯಕ್ಷರು ಬಾಯಿ ತೆರೆಯುವ ಮೊದಲೇ ಮಂಗಮ್ಮ ಮೊರ ಕೆಳಗಿಟ್ಟಳು.

"ಮದ್ವೆ ಇಲ್ದ ತಿಂಗ್ಳು ಕಣ ನಮ್ದು, ಮಿಕ್ಕ ತಿಂಗ್ಳೆಲ್ಲ ಮದ್ವೆ ನಿಮ್ದು. ಎರಡು ಕಡೆಯೋರೂ ಒಪ್ಪಿದಂಗಾಯ್ತಲ್ಲಣ್ಣ, ತಾಂಬೂಲ ಬದಲಾಯಿಸ್ಕಳಿ."

ಮುನಿಗಂಗಪ್ಪನವರಿಗೂ ನಗು ತಡೆಯಲಿಲ್ಲ. "ಠರಾವಿಲ್ದೆ ಆಗಲ್ಲ ಕಣಮ್ಮ. ಮೀಟಿಂಗಲ್ಲಿ ಇಡಣ."

"ಇಡಿ ಸ್ವಾಮಿ. ಅಲ್ಲೀಗಂಟ ಮೋಡಕ್ಕೂ ಒಂದು ನೋಟೀಸು ಕೊಡಿ" ಎಂದ ಆವುಲಪ್ಪ.

ಅಧ್ಯಕ್ಷರು ತಲೆಯೆತ್ತಿ ನೋಡಿದರು. ಅವರೂ ರಾಗಿ ಉಂಡು ಬೆಳೆದವರೇ. ಡ್ರೈವರಿಗೆ, "ಲೇ, ಜೀಪು ತೆನೆ ಮೇಲೆ ಬಿಡೋ! ಈ ಎತ್ತುಗಳ ನಡಿಗೇಲಿ ಯುಗಾದಿ ಬರ್ತದೆ" ಎಂದರು. ಪುರಸಭೆಯ ಜೀಪು ಗಿರಗಿರನೆ ಸುತ್ತಿತು. ಮಳೆ ಹನಿಯುವ ಹೊತ್ತಿಗೆ ಮೂಟೆಗಳೆಲ್ಲ ಭವನದ ಜಗಲಿ ಏರಿದ್ದವು.

ಮುಂದಿನ ಸಭೆಯಲ್ಲಿ ಠರಾವಾಯಿತು: ಪ್ರತಿವರ್ಷ ಧನುರ್ಮಾಸದಲ್ಲಿ ಭವನದ ಅಂಗಳ ಒಕ್ಕಣೆಗೆ, ಗುಡಿಸಿಕೊಡುವ ಹೊಣೆ ಒಕ್ಕುವವರದು. ಮಾರನೆಯ ವರ್ಷ ಅಕ್ಕಪಕ್ಕದ ಬೀದಿಗಳಿಂದಲೂ ಗಾಡಿಗಳು ಬಂದವು. ಯಾರು ಮೊದಲೆಂದು ಹೇಳುವವನು ಆವುಲಪ್ಪ. ಹಿಂದಿನ ಬೀದಿಯ ಕೋನಪ್ಪ ಬಂದು, "ಅಣ್ಣ, ನನ್ ಸರದಿ ಯಾವಾಗ?" ಎಂದು ಕೈಕಟ್ಟಿ ನಿಂತ.

"ಬರೀ ಕೈಲಿ ಬಂದಿದೀಯಲ್ಲಯ್ಯ. ಓಗು, ಒಂದು ಮಂಕ್ರಿ ಸಗಣಿ ತತ್ತಾ, ಆಮ್ಯಾಕೆ ಮಾತಾಡಣ."