ಹಗೇವಿನೊಳಗಿನ ಹುರುಳಿ

ನಮ್ಮೂರು ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ದಾರಿಯ ಎಡಕ್ಕೆ, ಗುಡ್ಡದ ಬುಡದಲ್ಲಿದೆ. ಗುಡ್ಡದ ಮೇಲೆ ಕೋಟೆ, ಕೋಟೆಯೊಳಗೆ ಅರಮನೆ. ಅರಮನೆ ಎಂದ ಕೂಡಲೇ ಹೊರಗಿನವರು ಕಮಾನು, ಕಂಬ, ಮಹಡಿಗಳನ್ನು ಕಲ್ಪಿಸಿಕೊಂಡು ಹತ್ತಿ ಬರುತ್ತಿದ್ದರು. ಕುಸಿದ ಗೋಡೆ, ಒಣಗಿದ ಹೊಂಡ, ಜಾಲಿ ಮುಳ್ಳು ಕಂಡು ಬೈದುಕೊಂಡು ಇಳಿಯುತ್ತಿದ್ದರು. ಊರಿನವರು ಅದನ್ನು ದೊರಿ ಮನಿ ಎನ್ನುತ್ತಾರೆ.

ನಾನು ಎಂ.ಎ. ಮುಗಿಸಿದ ಬೇಸಿಗೆಯಲ್ಲಿ ಆ ಗುಡ್ಡಕ್ಕೆ ಉತ್ಖನನದ ತಂಡವೊಂದು ಬಂತು. ಅದರ ಮುಖ್ಯಸ್ಥೆಯನ್ನು ನಾವೆಲ್ಲ ಮೇಡಮ್ ಎಂದಷ್ಟೇ ಕರೆಯುತ್ತಿದ್ದೆವು. ಊರಿನ ಹುಡುಗಿ, ಇತಿಹಾಸ ಓದಿದವಳು ಎಂದು ನನ್ನನ್ನೂ ಸೇರಿಸಿಕೊಂಡರು. ಸಣ್ಣ ಕರಣೆ, ಬ್ರಷ್ ಹಿಡಿದು ಬೋರಲಾಗಿ, ಒಂದೇ ಮಗ್ಗುಲಾಗಿ ಮಲಗಿ ಮಣ್ಣು ಕೆರೆಯುವ ಕೆಲಸ. ಮೇಲಿನ ಕಲ್ಲಿನ ರಾಶಿ ತೆಗೆದ ಮೇಲೆ ಗಚ್ಚಿನ ನೆಲ ಸಿಕ್ಕಿತು. ಅದರ ಮೇಲೆ ಅಂಗೈ ದಪ್ಪ ಬೂದಿ. ಸುಟ್ಟು ಬಿದ್ದ ತೊಲೆಗಳ ಇದ್ದಿಲು, ಒಡೆದ ಬಳೆ, ಒಲೆಯ ಮೂರು ಗುಂಡುಗಳು ಇದ್ದಲ್ಲೇ ಇದ್ದವು. ಅಡುಗೆಮನೆ ಎಂದು ನಮಗೆ ಖಾತ್ರಿಯಾಯಿತು. ಒಂದು ದಿನ ಏನೋ ಬಂದು ಎಲ್ಲವೂ ನಿಂತುಹೋಗಿತ್ತು. ಎರಡು ಹೊಳೆಗಳ ನಡುವಿನ ಈ ದೋಆಬಿನ ನೆಲಕ್ಕಾಗಿ ಬಡಿದಾಡಿದ ದಂಡುಗಳಿಗೆ ಲೆಕ್ಕವಿಲ್ಲ. ಯಾವುದು ಬಂದು ಸುಟ್ಟಿತೋ ತಿಳಿಯಬೇಕಿತ್ತು.

ಕೆಲಸ ಮುಗಿಯುವ ವಾರ ಅಡುಗೆಮನೆಯ ಹಿಂದೆ ಹಗೇವಿನ ಬಾಯಿ ಕಂಡಿತು. ಕಾಳು ತುಂಬಿಡುವ ನೆಲದೊಳಗಿನ ಕಣಜ, ಬಂಡೆಯಲ್ಲೇ ಕೊರೆದದ್ದು. ಬಾಯಿಗೆ ಚಪ್ಪಡಿ ಮುಚ್ಚಿ ಸುತ್ತ ಗಚ್ಚು ಬಳಿದಿದ್ದರು. ಸುಟ್ಟ ದಿನದಿಂದ ಅದನ್ನು ಯಾರೂ ತೆರೆದಿರಲಿಲ್ಲ. ಮೇಡಮ್ ಅವಸರ ಮಾಡಲಿಲ್ಲ. ಒಳಗೆ ಕಾಳಿದ್ದರೆ ಯಾವ ಸುಗ್ಗಿಯದು, ಎಷ್ಟು ದಿನದ ಮುತ್ತಿಗೆಗೆ ಕೂಡಿಟ್ಟದ್ದು, ಅರಮನೆ ಯಾವ ಕಾಲದಲ್ಲಿ ಸುಟ್ಟಿತು ಎಲ್ಲ ಹೇಳಬಹುದು, ಆದರೆ ಪದರ ಪದರವಾಗಿ, ತಾಳ್ಮೆಯಿಂದ ತೆಗೆಯಬೇಕು, ಮುಂದಿನ ವರ್ಷ ಬರೋಣ ಎಂದರು. ಎಲ್ಲದರ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಮಣ್ಣು ತುಂಬಿದೆವು. ಮುಂದಿನ ವರ್ಷ ಅವರು ಬರಲಿಲ್ಲ. ಆಮೇಲೂ ಬರಲಿಲ್ಲ. ನಾನು ಸಿಂಧನೂರಿನ ಕಾಲೇಜಿಗೆ ಪಾಠ ಹೇಳಲು ಸೇರಿದೆ. ಪ್ರತಿ ಬೇಸಿಗೆಯಲ್ಲಿ ಮೇಡಮ್‌ಗೆ ಫೋನ್ ಮಾಡುತ್ತಿದ್ದೆ. ಅವರು ಮಂಜೂರಾತಿಗೆ ಕಾಯುತ್ತಿದ್ದೇನೆ ಎನ್ನುತ್ತಿದ್ದರು.

ನನ್ನ ಅಣ್ಣ ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ. ವಯಸ್ಸೆಲ್ಲ ನೆಲದಡಿಯ ಪಾಳಿಯಲ್ಲೇ ಕಳೆಯಿತು. ನಿವೃತ್ತನಾಗಿ ಅತ್ತಿಗೆಯ ಜೊತೆ ಊರಿಗೆ ಬಂದ. ಅವನಿಗೆ ಯಾವ ಕೊರತೆಯೂ ಇರಲಿಲ್ಲ. ಪಿಂಚಣಿ ಹಣದಲ್ಲಿ ಮನೆ ಕಟ್ಟಿಸಿದ್ದ, ಮಗಳ ಮದುವೆಯಾಗಿತ್ತು. ಆದರೆ ಹೊತ್ತು ಹೋಗುತ್ತಿರಲಿಲ್ಲ. ಕಟ್ಟೆಯ ಮೇಲೆ ಕುಳಿತು ದಿನವಿಡೀ ಫೋನಿನಲ್ಲಿ ನಿಧಿ ತೆಗೆಯುವವರ ವಿಡಿಯೋ ನೋಡುತ್ತಿದ್ದ. ನಾನು ಮೊದಲು ನಕ್ಕೆ. ಮುಂದೊಂದು ಸಲ ಹೋದಾಗ ಲೋಹ ಹುಡುಕುವ ಯಂತ್ರವೊಂದು ಪಡಸಾಲೆಯ ಮೂಲೆಗೆ ಒರಗಿತ್ತು. ಆಗ ನಗು ಬರಲಿಲ್ಲ.

ಅತ್ತಿಗೆ ನನ್ನನ್ನು ಒಳಗೆ ಕರೆದು, ಮುಂಜಾನೆ ಬುತ್ತಿ ಕಟ್ಟಿಸಿಕೊಂಡು ಇಬ್ಬರು ಗೆಳೆಯರ ಜೊತೆ ಗುಡ್ಡ ಹತ್ತುತ್ತಾರೆ, ಕೇಳಿದರೆ ಸಿಟ್ಟಾಗುತ್ತಾರೆ ಎಂದು ಹೇಳಿದಳು. ನಾನು ಅಣ್ಣನ ಮುಂದೆ ಕುಳಿತು ಬಹಳ ಹೊತ್ತು ಮಾತಾಡಿದೆ. ಕೋಟೆ ಬಿಟ್ಟು ಓಡುವವರು ಬಂಗಾರ ಬಿಟ್ಟು ಓಡುವುದಿಲ್ಲ, ಅಲ್ಲಿರುವುದು ಬೂದಿ, ಒಡೆದ ಮಡಕೆಯ ಬೋಕಿ ಅಷ್ಟೇ ಎಂದೆ. ಕಾನೂನು ಹೇಳಿದೆ. ಕೊನೆಗೆ ಅತ್ತೂಬಿಟ್ಟೆ.

“ನಾ ಅಷ್ಟು ವರ್ಷ ಬಂಗಾರದ ಗಣ್ಯಾಗ ದುಡದೀನಿ,” ಎಂದ. “ಒಡದಿದ್ದು ಬರೇ ಕಲ್ಲು. ಬಂಗಾರ ಹೆಂಗ ಇರ್ತೈತಿ ಅಂತ ಒಮ್ಮೆರ ನನ್ನ ಕೈಯಿಂದ ತಗದು ನೋಡ್ಬೇಕವಾ. ಮಾರಾಕಲ್ಲ. ನೋಡಾಕ.”

ಮರುದಿನ ಸಂಬಂಧಪಟ್ಟ ಕಚೇರಿಗೆ ಹೋಗಿ, ಗುಡ್ಡಕ್ಕೆ ಕಾವಲುಗಾರನನ್ನು ಹಾಕಿ ಎಂದು ಕೇಳಿಕೊಂಡೆ, ಅಣ್ಣನ ಹೆಸರು ಹೇಳಲಿಲ್ಲ. ನೋಡೋಣ ಎಂದರು. ಯಾರೂ ಬರಲಿಲ್ಲ.

ಭತ್ತದ ನಾಟಿಯ ಹೊತ್ತಿಗೆ ರಜೆ ಹಾಕಿ ಮತ್ತೆ ಊರಿಗೆ ಹೋದೆ. ಒಬ್ಬಳೇ ಗುಡ್ಡ ಹತ್ತಿದೆ. ದೂರದಿಂದಲೇ ಪ್ಲಾಸ್ಟಿಕ್ ಹಾಳೆಯ ಚೂರುಗಳು ಜಾಲಿಯಲ್ಲಿ ಸಿಕ್ಕಿಕೊಂಡು ಹಾರಾಡುವುದು ಕಂಡಿತು. ಗಚ್ಚಿನ ನೆಲವನ್ನು ಹಾರೆಯಿಂದ ಎಬ್ಬಿಸಿ ಹೆಂಟೆ ಹೆಂಟೆಯಾಗಿ ಒಗೆದಿದ್ದರು. ಒಲೆಯ ಗುಂಡುಗಳಿರಲಿಲ್ಲ. ಹಗೇವಿನ ಚಪ್ಪಡಿ ಎರಡು ತುಂಡಾಗಿ ಬದಿಗೆ ಬಿದ್ದಿತ್ತು. ಬಗ್ಗಿ ನೋಡಿದೆ. ಒಳಗೆ ಗೋಡೆಯವರೆಗೂ ಕೆರೆದು ಸ್ವಚ್ಛ ಮಾಡಿದ್ದರು. ಬೀಡಿಯ ತುಂಡುಗಳು ಮಾತ್ರ ಇದ್ದವು.

ಮನೆಗೆ ಬಂದು ಅಣ್ಣನನ್ನು ಕೇಳಿದೆ, ಒಳಗೆ ಏನಿತ್ತು ಎಂದು.

“ಏನಿಲ್ಲ ಬಿಡವಾ. ದೊಡ್ಡ ದೊಡ್ಡ ಗಡಿಗಿ ಇದ್ವು. ಬಂಗಾರ ಐತೇನ ಅಂತ ಒಡದ್ವಿ. ಬರೇ ಸುಟ್ಟಂಗ ಕರ್ರಗಾದ ಹುರಳಿ. ಹಿಡದ್ರ ಕೈಯಾಗ ಬೂದಿ ಆಕ್ಕಿತ್ತು.”

“ಅದನ್ನ ಏನ್ ಮಾಡಿದಿ ಅಣ್ಣಾ?”

“ಏನ್ ಮಾಡೋದೈತಿ. ಬುಟ್ಟಿಲೇ ತುಂಬಿ ಕೆಳಗ ಚೆಲ್ಲಿದ್ವಿ.”

ನಾನು ಅಳಲಿಲ್ಲ. ಮರುದಿನ ಅತ್ತಿಗೆಯ ಹಿಟ್ಟಿನ ಸಾಣಿಗೆ ತೆಗೆದುಕೊಂಡು ಗುಡ್ಡದ ಇಳಿಜಾರಿಗೆ ಹೋದೆ. ಒಂದು ಮಳೆ ಆಗಿಹೋಗಿತ್ತು. ಕುರಿಗಳು ತುಳಿದಿದ್ದವು. ಸಂಜೆಯವರೆಗೆ ಮಣ್ಣು ಸೋಸಿ ಒಂದು ಹಿಡಿಯೂ ಆಗದಷ್ಟು ಕರಿ ಕಾಳು ಕೂಡಿಸಿದೆ. ಅದರಲ್ಲಿ ಮೊನ್ನೆ ಮೊನ್ನೆ ಕುರಿಗಾಹಿಗಳು ಬೆಂಕಿ ಹಾಕಿದ ಇದ್ದಿಲೂ ಬೆರೆತಿತ್ತು. ಮೇಡಮ್‌ಗೆ ಫೋನ್ ಮಾಡಿದೆ. ಅವರು ಮೆಲ್ಲಗೆ, ಕಾಳು ಮುಖ್ಯವಲ್ಲ, ಅದು ಎಲ್ಲಿತ್ತು, ಯಾವುದರ ಮೇಲೆ ಯಾವುದಿತ್ತು ಅನ್ನುವುದೇ ಮುಖ್ಯ, ಇನ್ನು ಅದರಿಂದ ಏನೂ ಹೇಳಲಾಗದು ಎಂದರು. ನನಗೆ ಗೊತ್ತಿದ್ದ ಮಾತೇ. ಬೇರೆಯವರ ಬಾಯಿಂದ ಕೇಳುವವರೆಗೆ ನಂಬಿರಲಿಲ್ಲ. ಕಾಳನ್ನು ಅಲ್ಲೇ ಬಿಟ್ಟು ಇಳಿದೆ.

ಇಷ್ಟಕ್ಕೇ ಅಣ್ಣ ನಿಲ್ಲಿಸಬಹುದಿತ್ತು. ಆದರೆ ಹಗೇವಿನಲ್ಲಿ ಇಲ್ಲದ್ದು ಗೋಡೆಯ ಕೆಳಗೆ ಇದ್ದೇ ಇರಬೇಕು ಎಂದು ಯಾರೋ ತಲೆಗೆ ತುಂಬಿದರು. ಉಳಿದಿದ್ದ ಗೋಡೆಗಳಲ್ಲಿ ಎಲ್ಲಕ್ಕಿಂತ ಎತ್ತರದ್ದರ ಬುಡಕ್ಕೆ ಗುದ್ದಲಿ ಹಾಕಿದರು. ಗಣಿಯಲ್ಲಿ ಅಷ್ಟು ವರ್ಷ ಮೇಲಿನ ಕಲ್ಲು ನೋಡಿಕೊಂಡೇ ಕೆಲಸ ಮಾಡಿದವನು, ಆಸರೆ ಕೊಡದೆ ಒಳಕ್ಕೆ ತೂರಿದ್ದು ಹೇಗೆ ಎಂದು ಅತ್ತಿಗೆ ಈಗಲೂ ಕೇಳುತ್ತಾಳೆ. ನಡುಮಧ್ಯಾಹ್ನ ಗೋಡೆ ಕುಸಿಯಿತು. ಜೊತೆಗಿದ್ದವರು ಹೆದರಿ ಓಡಿದರು. ಚೀರಾಟ ಕೇಳಿದ ಕುರಿಗಾಹಿಗಳು ಕಲ್ಲು ಸರಿಸಿ, ಕಂಬಳಿಯಲ್ಲಿ ಮಲಗಿಸಿ ಹೊತ್ತು ಇಳಿಸಿದರು. ಜೀವ ಉಳಿಯಿತು. ಬೆನ್ನುಮೂಳೆ ಮುರಿದು ಸೊಂಟದ ಕೆಳಗೆ ಸ್ವಾಧೀನ ಹೋಯಿತು.

ಮೇಡಮ್ ಕೊನೆಗೂ ಬಂದದ್ದು ಆ ಚಳಿಗಾಲದಲ್ಲಿ. ಮಂಜೂರಾತಿ ಸಿಕ್ಕಿತ್ತು. ನಾವಿಬ್ಬರೂ ಗುಡ್ಡ ಹತ್ತಿದೆವು. ಅವರು ಒಡೆದ ಗಚ್ಚಿನ ಹೆಂಟೆಯೊಂದನ್ನು ಎತ್ತಿ ನೋಡಿ ಕೆಳಗಿಟ್ಟರು. ಫೋಟೋ ತೆಗೆಯಲಿಲ್ಲ. ಈ ಹಣವನ್ನು ಬೇರೆ ಗುಡ್ಡಕ್ಕೆ ಬಳಸುತ್ತೇವೆ, ಇಲ್ಲಿ ಓದುವುದಕ್ಕೆ ಏನೂ ಉಳಿದಿಲ್ಲ ಎಂದರು. ಇದನ್ನು ಮಾಡಿದ್ದು ನನ್ನ ಅಣ್ಣ ಎಂದು ನಾನೇ ಹೇಳಿದೆ. ಅವರು ನನ್ನ ಭುಜದ ಮೇಲೆ ಕೈಯಿಟ್ಟರು. ಬೈದಿದ್ದರೆ ವಾಸಿಯಿತ್ತು.

ನಾನು ತಿಂಗಳಿಗೊಮ್ಮೆ ಊರಿಗೆ ಹೋಗುತ್ತೇನೆ. ಅಣ್ಣನ ಮೇಲಿನ ಸಿಟ್ಟನ್ನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೊತ್ತು ಹೋಗುತ್ತೇನೆ, ಅವನ ಮಂಚದ ಬಳಿ ನಿಂತಾಗ ಅದನ್ನು ಎಲ್ಲಿಡಬೇಕೋ ತಿಳಿಯುವುದಿಲ್ಲ. ಹೋದ ಸಲ ಅವನೇ ಮಾತು ತೆಗೆದ.

“ಆ ಹುರಳಿ ಯಾರು ಇಟ್ಟಿದ್ರಬೇ?” ಎಂದ. “ಮಕ್ಕೊಂಡಲ್ಲೇ ಅದನ್ನ ನೆನಸಾಕತ್ತೀನಿ. ಅಷ್ಟು ಚಂದಗೆ ಗಡಿಗ್ಯಾಗ ತುಂಬಿ, ಬಾಯಿ ಕಟ್ಟಿ ಇಟ್ಟಿದ್ರು. ತಿನ್ನಾಕ ಆಗಲಿಲ್ಲೇನು ಅವರಿಗೆ?”

“ಗೊತ್ತಿಲ್ಲ ಅಣ್ಣಾ,” ಎಂದೆ.

ನಾನು ಸಿಟ್ಟಿನಿಂದ ಹೇಳುತ್ತಿದ್ದೇನೆ ಎಂದುಕೊಂಡು ಅವನು ಇನ್ನೊಮ್ಮೆ ಕೇಳಿದ, ನೀನು ಓದಿದವಳು, ನಿನಗೆ ಗೊತ್ತಿರಬೇಕು ಎಂದ. ನಾನು ಅದೇ ಉತ್ತರ ಕೊಟ್ಟೆ. ಅವನು ಮುಖ ಆಚೆ ತಿರುಗಿಸಿದ. ಅಷ್ಟರಲ್ಲಿ ಅತ್ತಿಗೆ ಬಿಸಿನೀರಿನ ಬಕೆಟ್ ತಂದಳು. ಬೆನ್ನಿನ ಹುಣ್ಣು ತೊಳೆಯುವ ಹೊತ್ತಾಗಿತ್ತು. ಅವಳು ಸೊಂಟ ಹಿಡಿದಳು, ನಾನು ಭುಜ ಹಿಡಿದೆ, ಇಬ್ಬರೂ ಸೇರಿ ಅವನನ್ನು ಮಗ್ಗುಲಿಗೆ ಹೊರಳಿಸಿದೆವು.