ಯಾರಿಗೂ ಬೇಡವಾದ ಹಂಡೆ

ಅರವತ್ತರ ದಶಕದ ಮೊದಮೊದಲಲ್ಲಿ ನಾವು ಹಾಸನದಲ್ಲಿದ್ದೆವು. ನನ್ನ ಗಂಡ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಅರಕಲಗೂಡು, ಹೊಳೆನರಸೀಪುರ ಎಂದು ವರ್ಗವಾಗುತ್ತ ಬಂದಿದ್ದರಿಂದ, ಗಂಟು ಕಟ್ಟುವುದು ಬಿಚ್ಚುವುದು ಎರಡೂ ನನಗೆ ಸಾಕಾಗಿಹೋಗಿತ್ತು. ಊರಿನ ಹೆಂಗಸರ ಸಮಾಜದವರು ಆಸ್ಪತ್ರೆಯ ಹತ್ತಿರ ಒಂದು ಕೋಣೆ ಹಿಡಿದು, ಮನೆಮನೆಗಳಿಂದ ಹಳೇ ಸಾಮಾನನ್ನು ದಾನವಾಗಿ ಪಡೆದು ಅಗ್ಗಕ್ಕೆ ಮಾರುತ್ತಿದ್ದರು. ಬಂದದ್ದು ಬಡರೋಗಿಗಳ ಹಾಲು ಬ್ರೆಡ್ಡಿಗೆ. "ಮಧ್ಯಾಹ್ನ ಹೊತ್ತು ಬಂದು ಸುಮ್ಮನೆ ಕೂತ್ಕೊಳ್ಳಿ ಸಾಕು" ಎಂದು ಸಮಾಜದ ಅಧ್ಯಕ್ಷೆ ನನ್ನನ್ನು ಕರೆದರು.

ಸುಮ್ಮನೆ ಕೂತದ್ದು ಒಂದು ದಿನವೂ ಇಲ್ಲ. ಜನ ದಾನ ಎಂದು ಕೊಡುತ್ತಿದ್ದದ್ದು ಹಿಡಿ ಮುರಿದ ಬಾಣಲೆ, ಕಾಲಿಲ್ಲದ ಮಣೆ, ಇಲಿ ಕಡಿದ ಜಮಖಾನ. ಉಪ್ಪಿನಕಾಯಿಯ ವಾಸನೆ ಬಿಡದ ಜಾಡಿಗಳನ್ನು ತಿಕ್ಕಿ ತಿಕ್ಕಿ ನನ್ನ ಉಗುರೆಲ್ಲ ಸವೆದಿತ್ತು. ಬಿಸಾಡಲು ಮನಸ್ಸಾಗದ್ದನ್ನು ನಮ್ಮಲ್ಲಿ ತಂದಿಟ್ಟು, ಪುಣ್ಯ ಬಂತೆಂದು ಕೈಮುಗಿದು ಹೋಗುತ್ತಿದ್ದರು. ಸಂಜೆ ಮನೆಗೆ ಬಂದರೆ ನನ್ನ ಮನೆಯ ಪಾತ್ರೆ ಕಂಡರೂ ರೇಗುತ್ತಿತ್ತು.

ಹೀಗಿರುವಾಗ ಚನ್ನರಾಯಪಟ್ಟಣದ ಕಡೆಯ ಒಬ್ಬ ಮುದುಕಿ ಎತ್ತಿನ ಗಾಡಿಯಲ್ಲಿ ಒಂದು ತಾಮ್ರದ ಹಂಡೆ ಹೇರಿಕೊಂಡು ಬಂದರು. ತೆಂಗಿನ ತೋಟದ ದೊಡ್ಡ ಮನೆಯವರು. ಹಂಡೆಯೊಳಗೆ ಒಂದು ಮಗುವನ್ನು ಕೂರಿಸಬಹುದಿತ್ತು. ಕಂಠದ ಮೇಲೆ ಮನೆತನದ ಹೆಸರು ಕೊರೆಸಿತ್ತು.

"ಇಂಥಾದ್ನ ಯಾಕೆ ಕೊಡ್ತೀರಿ ಅಜ್ಜಿ?" ಎಂದೆ.

"ಇಬ್ರು ಮಕ್ಳು ಪಾಲಾದ್ರು ಕಣವ್ವ. ಜಮೀನು ಹಂಚ್ಕಂಡ್ರು, ತ್ವಾಟ ಹಂಚ್ಕಂಡ್ರು, ಇದೊಂದಕ್ಕೆ ಕೈ ಕೈ ಮಿಲಾಯ್ಸುದ್ರು. ಇಬ್ರಿಗೂ ಬ್ಯಾಡ ಅಂತ ತಂದ್ಬುಟ್ಟೆ" ಎಂದರು. ಹಂಡೆಯ ಮೈಮೇಲೊಮ್ಮೆ ಕೈಯಾಡಿಸಿ, ನೀರು ಕೂಡ ಕುಡಿಯದೆ ಗಾಡಿ ಹತ್ತಿದರು.

ತಾಮ್ರದ ಗುಜರಿಯವನು ಎರಡು ಸಲ ಬಂದು ಕೇಳಿದ. ಅಧ್ಯಕ್ಷೆ, "ಬಳಸುವವರಿಗೇ ಹೋಗಲಿ" ಎಂದರು. ಕೋಣೆಯಲ್ಲಿ ಓಡಾಡುವಾಗಲೆಲ್ಲ ಅದಕ್ಕೆ ತಾಕಿ ತಾಕಿ ನನ್ನ ಮೊಣಕಾಲೆಲ್ಲ ಕಂದಿತ್ತು. ಕೊನೆಗೆ ಕೂಲಿ ಮಾಡುವ ಗಂಡ ಹೆಂಡಿರು ಹತ್ತಿರದ ದುದ್ದ ಎಂಬ ಊರಿನಿಂದ ಬಂದು ಕೊಂಡರು. ಊರ ಹೊರಗಿನ ಕೇರಿಯವರು. ಮಗಳು ಹೆರಿಗೆಗೆ ಬಂದಿದ್ದಾಳೆ ಎಂದು ಆ ಹೆಂಗಸು ಹೇಳಿದಳು. ಹಂಡೆಯನ್ನು ಬಸ್ಸಿನ ಮೇಲೇರಿಸಿದಾಗ, ಸದ್ಯ ಜಾಗವಾಯಿತಲ್ಲ ಎಂದು ನಾನು ಉಸಿರುಬಿಟ್ಟೆ.

ಬಸ್ಸಿನ ಬಳಿ ಯಾರೋ ಹಂಡೆಯ ಮೇಲಿನ ಹೆಸರು ಓದಿದ್ದರು. ಎರಡು ವಾರದಲ್ಲಿ ಸುದ್ದಿ ಚನ್ನರಾಯಪಟ್ಟಣ ಮುಟ್ಟಿತು. ಮುದುಕಿಯ ಹಿರಿಯ ಮಗ ಕೋಣೆಯ ಬಾಗಿಲಿಗೇ ಬಂದು ನಿಂತ.

"ನಮ್ಮ ಮುತ್ತಜ್ಜಿ ಕಾಲದ್ದು ಅದು. ಆ ಕೇರಿಯೋರ ಮನೇಲಿ ಐತೆ ಅಂತ ಊರೆಲ್ಲ ಆಡ್ಕತಾವ್ರೆ. ಎಲ್ಲಿಗೆ ಕೊಟ್ರೋ ಅಲ್ಲಿಂದ ತರ್ಸಿ!"

"ನಿಮ್ಮ ತಾಯಿ ದಾನ ಕೊಟ್ಟದ್ದು" ಎಂದೆ.

"ಬಡವ್ರಿಗೆ ಅಂದ್ರು ಕಣಮ್ಮ, ಅವ್ರಿಗೆ ಅಂದ್ರಾ?"

ಅಧ್ಯಕ್ಷೆ ಒಳ್ಳೆಯವರೇ. ಆದರೆ ದೊಡ್ಡ ಮನೆಗಳನ್ನು ಎದುರು ಹಾಕಿಕೊಂಡರೆ ನಾಳೆ ಯಾರು ಕೊಡುತ್ತಾರೆ ಎಂಬ ಚಿಂತೆ ಅವರಿಗೆ. "ನೀವೇ ಹೋಗಿ ನಿಧಾನವಾಗಿ ಕೇಳಿನೋಡಿ. ಬದಲಿಗೆ ಬೇರೆ ಎರಡು ಪಾತ್ರೆ ಕೊಡೋಣ" ಎಂದರು. ವಾದ ಮಾಡುವಷ್ಟು ತ್ರಾಣ ನನಗಿರಲಿಲ್ಲ. ಮಾರನೆಯ ಬೆಳಿಗ್ಗೆ ದುದ್ದದ ಬಸ್ಸು ಹತ್ತಿದೆ.

ಕೇರಿಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ; ಹಂಡೆ ಹೊರಗೇ ಇತ್ತು. ಮೂರು ಕಲ್ಲಿನ ಮೇಲೆ ಕೂತಿತ್ತು, ಕೆಳಗೆ ತೆಂಗಿನ ಮಟ್ಟೆ ಉರಿಯುತ್ತಿತ್ತು. ತಳ ಆಗಲೇ ಕಪ್ಪಾಗಿತ್ತು. ನನ್ನನ್ನು ಕಂಡ ಆ ಹೆಂಗಸು ಓಡಿಬಂದು, ಒಳಗಿಂದ ಹೊಸ ಚಾಪೆ ತಂದು ಜಗಲಿಗೆ ಹಾಸಿದಳು. ನಾನು ಬಂದ ಕಾರಣ ಹೇಳಿದೆ. ಹೇಳುವಾಗ ನನ್ನ ಮಾತು ನನಗೇ ಕೇಳಿಸದಷ್ಟು ತಗ್ಗಿತ್ತು.

ಅವಳು ಉರಿಯುವ ಮಟ್ಟೆಯನ್ನು ಹಂಡೆಯಡಿಗೆ ತಳ್ಳಿದಳು. "ಯಾರೋ ಬಂದೇ ಬತ್ತಾರೆ ಅಂದ್ಕಂಡಿದ್ದೆ ಕಣವ್ವ. ಅದ್ರ ಮೇಲೆ ಎಸ್ರು ಬರ್ದೈತಲ್ಲ, ಅದ್ಕೆ. ತಗಂಡೋಗಿ. ಆದ್ರೆ ನೀರು ಕಾದೈತೆ. ಬಾಣಂತಿಗೆ ಉಯ್ದು ಖಾಲಿ ಮಾಡ್ಕೊಡ್ತೀನಿ, ವಸಿ ಕೂತ್ಕಳಿ."

ಕೂತೆ. ತಡಿಕೆಯ ಮರೆಯಲ್ಲಿ ಅವಳು ಮಗಳಿಗೆ ನೀರು ಹುಯ್ದಳು. ಚೊಂಬು ಚೊಂಬು ಬಿಸಿನೀರು ಬೆನ್ನ ಮೇಲೆ ಬೀಳುವ ಸದ್ದು, "ಸಾಕು ಕಣವ್ವೋ, ಸುಡ್ತದೆ" ಎಂದು ಮಗಳ ಕೂಗು, "ಸುಡ್ಲಿ ಸುಮ್ಕಿರು, ಸೊಂಟ ಗಟ್ಟಿಯಾಗ್ಬೇಕು" ಎಂದು ತಾಯಿಯ ಗದರಿಕೆ. ಆಮೇಲೆ ಕೂಸನ್ನು ಕಾಲಮೇಲೆ ಮಲಗಿಸಿಕೊಂಡು ಮೀಯಿಸಿದಳು. ಕೂಸು ಅತ್ತು, ಕೆಂಪಾಗಿ, ನಿದ್ದೆಹೋಯಿತು. ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು ಹಂಡೆಯನ್ನು ಬಗ್ಗಿಸತೊಡಗಿದಳು.

"ಬಿಡಮ್ಮ, ಇಲ್ಲೇ ಇರಲಿ. ನೀನು ಕೊಂಡದ್ದು" ಎಂದೆ.

"ನಿಮ್ಗೇನಾರಾ ತೊಂದ್ರೆ ಆದಾತು."

"ಆದರೆ ಆಗಲಿ" ಎಂದೆ. ಧೈರ್ಯಕ್ಕೆ ಅಂದದ್ದಲ್ಲ. ಆ ಹಂಡೆಯನ್ನು ಮತ್ತೆ ಬಸ್ಸಿಗೆ ಹೇರಿಸಿ, ಕೋಣೆಗೆ ತಂದು, ಅದರ ಕಪ್ಪು ತಿಕ್ಕಿ, ಆ ಮನುಷ್ಯನ ಕೈಗೊಪ್ಪಿಸುವುದನ್ನು ನೆನೆದೇ ನನ್ನ ಮೈಯೆಲ್ಲ ಸೋತುಹೋಗಿತ್ತು.

ಅಧ್ಯಕ್ಷೆಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಹಣೆ ಚಚ್ಚಿಕೊಂಡರು. ಮಗ ಇನ್ನೊಮ್ಮೆ ಬಂದು ಕೂಗಾಡಿದ. ಅದಾದ ಕೆಲವು ದಿನಕ್ಕೆ ಮುದುಕಿಯೇ ಬಸ್ಸಿನಲ್ಲಿ ಒಬ್ಬರೇ ಬಂದರು. ಇವರೂ ಕೂಗಾಡಲಿ ಎಂದು ಕಾದು ನಿಂತೆ.

"ದುದ್ದಕ್ಕೆ ನೀವೇ ಓಗಿದ್ರಂತೆ. ನೀರು ಕಾಯ್ಸ್ತಾವ್ರಾ ಅದ್ರಲ್ಲಿ?"

"ಕಾಯಿಸ್ತಾರೆ ಅಜ್ಜಿ. ಬಾಣಂತಿ ಮನೆ."

"ತಳದಲ್ಲಿ ಒಂದ್ಕಡೆ ಬೆಸುಗೆ ಆಕ್ಸಿದ್ದೆ. ಸೋರ್ತಿಲ್ಲ ತಾನೆ?"

"ಇಲ್ಲ."

"ಅಂಗಾದ್ರೆ ಸರಿ. ಮಗನ ಮಾತು ತಲೆಗೆ ಆಕ್ಕಬ್ಯಾಡಿ" ಎಂದು, ಚೀಲದಿಂದ ಎರಡು ತೆಂಗಿನಕಾಯಿ ತೆಗೆದು ನನ್ನ ಮುಂದಿಟ್ಟು, ಮರಳುವ ಬಸ್ಸಿನ ಹೊತ್ತು ಕೇಳಿದರು.

ಆಮೇಲೆ ಸಮಾಜದವರು ಸಭೆ ಸೇರಿ, ಇನ್ನು ಮುಂದೆ ಪಾತ್ರೆ ಬೇಡ, ಬಟ್ಟೆ ಮಾತ್ರ ಸಾಕು ಎಂದು ತೀರ್ಮಾನಿಸಿದರು. ಬಟ್ಟೆಗೆ ಹೆಸರು ಕೊರೆಸುವುದಿಲ್ಲವಲ್ಲ ಎಂದು ಯಾರೋ ನಕ್ಕರು. ನನಗೆ ನಗು ಬರಲಿಲ್ಲ. ಮಾರನೆಯ ಮಧ್ಯಾಹ್ನ ಹೋಗಿ ಬಾಗಿಲು ತೆಗೆದೆ. ಯಾರೋ ಒಂದು ಮೂಟೆ ಹರಕು ಬಟ್ಟೆ ಹೊಸ್ತಿಲಲ್ಲಿ ಇಟ್ಟುಹೋಗಿದ್ದರು. ಒಳಗೆಳೆದುಕೊಂಡು, ಒಗೆಯಬೇಕಾದ್ದು, ಹೊಲಿಯಬೇಕಾದ್ದು ಎಂದು ಬೇರೆ ಮಾಡುತ್ತ ಕೂತೆ.